ಗುಂಪು ನೋಡಿ ಊಟ ಹಾಕುವ ಪುಸ್ತಕ

ಪೀಟರ್ ಡಿ'ಅಡಾಮೊ ಅವರ 'ಈಟ್ ರೈಟ್ ಫಾರ್ ಯುವರ್ ಟೈಪ್' ಅಮೆರಿಕದಲ್ಲಿ ಪ್ರಕಟವಾದದ್ದು 1996ರಲ್ಲಿ. ಇಷ್ಟು ವರ್ಷವಾದರೂ ಅದರ ವಾದಕ್ಕೆ ಗಿರಾಕಿ ತಪ್ಪಿಲ್ಲ. ಅದು ಹೇಳುವುದು ಇಷ್ಟು: 'ಓ' ರಕ್ತದ ಗುಂಪಿನವರು ಬೇಟೆಗಾರರ ಸಂತತಿ, ಮಾಂಸ ತಿನ್ನಲಿ, ಗೋಧಿ ಬಿಡಲಿ, 'ಎ' ಗುಂಪಿನವರು ಬೇಸಾಯಗಾರರು, ಸೊಪ್ಪು ತರಕಾರಿಗೆ ನಿಲ್ಲಲಿ, 'ಬಿ' ಗುಂಪಿನವರು ಅಲೆಮಾರಿ ದನಗಾಹಿಗಳು, ಹಾಲು ಆಗುತ್ತದೆ, ಕೋಳಿ ಆಗದು, 'ಎಬಿ' ಎರಡರ ಬೆರಕೆ. ಈ ಮಾತು ನಂಬಿದರೆ ಮುಂಬಯಿಯ ದಾದರ್‌ನ ಉಡುಪಿ ಹೋಟೆಲಿನಲ್ಲಿ ಒಂದೇ ಮೇಜಿಗೆ ಕೂತ ನಾಲ್ವರು ಗೆಳೆಯರಿಗೆ ನಾಲ್ಕು ಬಗೆಯ ಊಟ ಬಡಿಸಬೇಕು.

ಕತೆ ಸೊಗಸಾಗಿದೆ, ತಳಪಾಯವೇ ಇಲ್ಲ. ಎ, ಬಿ ಭೇದ ಬೇಸಾಯದ ಜೊತೆ ಹುಟ್ಟಿದ್ದಲ್ಲ; ಮನುಷ್ಯ ಮನುಷ್ಯನಾಗುವ ಮೊದಲೇ, ವಾನರ ಪೂರ್ವಜರ ಕಾಲದಿಂದ ಬಂದದ್ದು. 2014ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದವರು 1,455 ಜನರ, ಅದರಲ್ಲೂ ಹೆಚ್ಚಾಗಿ ಇಪ್ಪತ್ತರ ಹರೆಯದವರ, ಊಟ ಮತ್ತು ರಕ್ತವನ್ನು ತಾಳೆ ನೋಡಿದರು. 'ಎ' ಗುಂಪಿನ ಪಥ್ಯಕ್ಕೆ ಹತ್ತಿರವಾಗಿ ಉಂಡವರ ತೂಕವೂ ಸೊಂಟದ ಸುತ್ತಳತೆಯೂ ರಕ್ತದೊತ್ತಡವೂ ಕಡಿಮೆಯಿತ್ತು. ಆದರೆ ಅವರ ಗುಂಪು ಯಾವುದಾದರೂ ಫಲ ಅದೇ. ಕೆಲಸ ಮಾಡಿದ್ದು ಸೊಪ್ಪು ತರಕಾರಿ. ಹೆಸರು ಹೊಡೆದುಕೊಂಡದ್ದು ರಕ್ತದ ಗುಂಪು.

ಕಾಲೇಜು ವಿದ್ಯಾರ್ಥಿಗಳ ಗುಂಪು, ತೂಕ, ಒತ್ತಡ ಹೋಲಿಸುವ ಸಣ್ಣ ಅಧ್ಯಯನಗಳು ನಮ್ಮಲ್ಲಿ ಬರುತ್ತಲೇ ಇವೆ. ಒಂದರಲ್ಲಿ 'ಓ' ದಪ್ಪ, ಇನ್ನೊಂದರಲ್ಲಿ 'ಬಿ'. ಕಾರಣ ಕಷ್ಟದ್ದೇನಲ್ಲ. ಭಾರತದಲ್ಲಿ 'ಎಬಿ' ಗುಂಪು ಶೇಕಡ 7-8ರಷ್ಟು. ಇನ್ನೂರು ಮಂದಿಯನ್ನು ತೂಗಿದರೆ ಆ ಗುಂಪಿಗೆ ಸಿಗುವವರು ಹದಿನೈದರ ಆಸುಪಾಸು. ಅವರಲ್ಲಿ ಇಬ್ಬರು ಹೊಟ್ಟೆಬಾಕರಿದ್ದರೆ ಸರಾಸರಿಯೇ ಏರಿ ಕೂರುತ್ತದೆ.

ಹಾಗೆಂದು ರಕ್ತದ ಗುಂಪು ಕೆಲಸಕ್ಕೆ ಬಾರದ್ದಲ್ಲ. ದಾದರ್‌ನಿಂದ ಕೂಗಳತೆಯ ಪರೇಲ್‌ನ ಕೆಇಎಂ ಆಸ್ಪತ್ರೆಯಲ್ಲಿ ಡಾ. ವೈ. ಎಂ. ಭೇಂಡೆ ಮತ್ತು ಸಂಗಡಿಗರು ಗುರುತಿಸಿ, 1952ರಲ್ಲಿ ಲೋಕಕ್ಕೆ ತಿಳಿಸಿದ 'ಬಾಂಬೆ' ಗುಂಪೇ ಸಾಕ್ಷಿ. ಮಾಮೂಲಿ ಪರೀಕ್ಷೆಯಲ್ಲಿ ಅದು 'ಓ' ಎಂದೇ ಕಾಣುತ್ತದೆ. ಆದರೆ 'ಓ' ರಕ್ತ ಕೊಟ್ಟರೆ ಪ್ರಾಣಕ್ಕೇ ಸಂಚಕಾರ. ಗುಂಪಿನ ವಿದ್ಯೆ ಬೇಕಾದದ್ದು ಅಲ್ಲಿ, ಊಟದ ತಟ್ಟೆಯ ಮುಂದಲ್ಲ. ಪುಸ್ತಕದ ಲೆಕ್ಕದಲ್ಲಿ ಆ ಅಪರೂಪದ ಮನುಷ್ಯನೂ ಬೇಟೆಗಾರನೇ!

ತೂಕಕ್ಕೂ ಒತ್ತಡಕ್ಕೂ ಇರುವ ನಂಟು ಮಾತ್ರ ಗಟ್ಟಿ. ಕೊಬ್ಬು ಹೆಚ್ಚಿದಂತೆ ಮೂತ್ರಪಿಂಡ ಉಪ್ಪನ್ನು ಹಿಡಿದಿಟ್ಟುಕೊಳ್ಳುತ್ತದೆ, ನರಗಳು ರಕ್ತನಾಳವನ್ನು ಬಿಗಿಯುತ್ತವೆ. ಒಂದು ಕಿಲೋ ಇಳಿದರೆ ಸರಾಸರಿ ಒಂದು ಮಿಲಿಮೀಟರ್‌ನಷ್ಟು ಒತ್ತಡ ಇಳಿಯುತ್ತದೆ. ನಮ್ಮವರಿಗೆ ಎತ್ತರಕ್ಕೆ ತಕ್ಕ ತೂಕದ ಅಳತೆಯಾದ ಬಿಎಂಐ 23 ದಾಟಿದರೇ ಎಚ್ಚರಿಕೆ ಬೇಕು.

ಆದರೆ ಒತ್ತಡ ಅಳೆಯುವ ರೀತಿಯಲ್ಲೂ ಸಡಿಲವಿದೆ. ಸ್ಟೇಷನ್ನಿನ ಸೇತುವೆ ಹತ್ತಿ ಇಳಿದು ಏದುಸಿರು ಬಿಡುತ್ತಾ ತಪಾಸಣೆ ಶಿಬಿರಕ್ಕೆ ಬಂದ ದಪ್ಪ ತೋಳಿನ ಹುಡುಗನಿಗೆ ಅಂಗಿಯ ಮೇಲೆಯೇ ಚಿಕ್ಕ ಪಟ್ಟಿ ಸುತ್ತಿ ಗಾಳಿ ತುಂಬಿದರೆ, ಇಲ್ಲದ ಬಿಪಿಯೂ ಕಾಣಿಸುತ್ತದೆ. ಐದು ನಿಮಿಷ ಸುಮ್ಮನೆ ಕೂರಬೇಕು, ಬೆನ್ನಿಗೆ ಒರಗು ಬೇಕು, ತೋಳು ಎದೆಯ ಮಟ್ಟದಲ್ಲಿರಬೇಕು, ಪಟ್ಟಿ ತೋಳಿಗೆ ತಕ್ಕದ್ದಿರಬೇಕು.

ಹಾಗಾದರೆ ಆ ಪುಸ್ತಕ ಗೆದ್ದದ್ದೇಕೆ? ಗುಂಪನ್ನು ಹುಟ್ಟಿನಿಂದ ತಂದಿರುತ್ತೇವೆ. ಹೊಟ್ಟೆಯ ತಪ್ಪನ್ನು ರಕ್ತದ ಮೇಲೆ ಹಾಕಿ ಹಗುರಾಗಬಹುದು. ಆದ್ದರಿಂದ ಓದಲು ಅಡ್ಡಿಯಿಲ್ಲ, ಪಾಲಿಸಲು ಕಾರಣವಿಲ್ಲ. ಗುಂಪಿನ ಚೀಟಿ ಜೇಬಿನಲ್ಲಿರಲಿ, ರಕ್ತ ಕೊಡುವಾಗ ತೆಗೆಯಿರಿ. ತೂಕ, ಒತ್ತಡ ಇಳಿಸುವುದಿದ್ದರೆ ಉಪ್ಪು, ಎಣ್ಣೆ, ಸಕ್ಕರೆ ಕಡಿಮೆ ಮಾಡಿ, ನಡೆಯಿರಿ, ವರ್ಷಕ್ಕೊಮ್ಮೆ ಬಿಪಿಯನ್ನು ಸರಿಯಾಗಿ ಅಳೆಸಿಕೊಳ್ಳಿ.