ಜಪಾನಿನ ಚಿತ್ರಕಥೆಗಳೂ ಕನ್ನಡದ ಓದುಗರೂ

ಚಿತ್ರಕಥೆಯು ಓದಲು ಬೇಸರಪಡುವವರ ಸಾಹಿತ್ಯವೆಂದೂ, ಮಕ್ಕಳು ಅದನ್ನು ಎಷ್ಟು ಬೇಗ ಬಿಟ್ಟರೆ ಅಷ್ಟು ಬೇಗ ಬುದ್ಧಿವಂತರಾಗುವರೆಂದೂ ನಮ್ಮ ವಿದ್ಯಾವಂತರ ಮನೆಗಳಲ್ಲಿ ಒಂದು ಭಾವನೆಯುಂಟು. ಈ ಭಾವನೆ ಸರಿಯೆ ಅಲ್ಲವೆ ಎಂದು ನಿರ್ಣಯಿಸುವುದಕ್ಕೆ ಮೊದಲು ಒಂದು ಸಂಗತಿಯನ್ನು ಗಮನಿಸಬೇಕು. ಮೂಡಿಗೆರೆ, ಕಳಸ, ಜಾವಳಿಗಳ ಕಾಫಿತೋಟಗಳಿಂದ ವಿದ್ಯೆಗಾಗಿ ಮಂಗಳೂರಿಗೂ ಬೆಂಗಳೂರಿಗೂ ಹೋದ ನಮ್ಮ ತರುಣರು ಇಂದು ಆಸ್ಥೆಯಿಂದ ಓದುತ್ತಿರುವ ಗ್ರಂಥಗಳಲ್ಲಿ ಜಪಾನಿನ ಚಿತ್ರಕಥೆಗಳೂ ಸೇರಿವೆ. ಆದರೆ ಅವರು ಅವನ್ನು ಓದುವುದು ಇಂಗ್ಲಿಷಿನಲ್ಲಿ. ಊರಿನಲ್ಲುಳಿದ ತಮ್ಮ ತಂಗಿಯರಿಗೆ, ಅಜ್ಜಿಗೆ, ತೋಟದ ಲೈನಿನ ಮಕ್ಕಳಿಗೆ ಆ ಕಥೆಗಳಲ್ಲಿ ಪಾಲಿಲ್ಲ. ಒಂದೇ ಮನೆಯಲ್ಲಿ ಓದು ಹೀಗೆ ಎರಡಾಗುವುದು ಸಣ್ಣ ವಿಷಯವಲ್ಲ. ಈ ಕಥೆಗಳು ಕೈಗೆಟುಕುವ ಬೆಲೆಗೆ, ನಮ್ಮ ಮಾತಿನಲ್ಲಿ, ಚಿತ್ರಕಾರನಿಗೆ ನಷ್ಟವಾಗದ ರೀತಿಯಲ್ಲಿ ದೊರೆಯುವುದು ಹೇಗೆಂಬುದೇ ಪ್ರಕೃತ ವಿಚಾರ.

ಜಪಾನಿನವರು ಚಿತ್ರಕಥೆಯನ್ನು 'ಮಾಂಗಾ' ಎನ್ನುವರು. ನಮ್ಮ ಮಂಗನಿಗೂ ಈ ಶಬ್ದಕ್ಕೂ ನಂಟಿಲ್ಲ. ಮನಬಂದಂತೆ ಬರೆದ ಚಿತ್ರವೆಂದು ಇದರ ಅರ್ಥ. ಹೊಕುಸಾಯ್ ಎಂಬ ಪ್ರಸಿದ್ಧ ಚಿತ್ರಕಾರನು 1814ರಿಂದ ಪ್ರಕಟಿಸಿದ ತನ್ನ ರೇಖಾಚಿತ್ರಗಳ ಸಂಪುಟಗಳಿಗೆ ಇದೇ ಹೆಸರನ್ನಿಟ್ಟಿದ್ದನು. ದೀರ್ಘವಾಗಿ ಕಥೆ ಹೇಳುವ ಇಂದಿನ ಮಾಂಗಾ ಹುಲುಸಾಗಿ ಬೆಳೆದುದು ಎರಡನೆಯ ಮಹಾಯುದ್ಧದ ತರುವಾಯ. ಅದನ್ನು ಬೆಳೆಸಿದವರಲ್ಲಿ ಅಗ್ರಗಣ್ಯನು ಒಸಾಮು ತೆಜುಕಾ (1928–1989). ವೈದ್ಯಶಾಸ್ತ್ರದಲ್ಲಿ ಪದವಿ ಪಡೆದೂ ಲೇಖನಿಯನ್ನೇ ಜೀವನಕ್ಕೆ ನಂಬಿದವನು ಅವನು.

ಈ ಕಲೆಯ ಸತ್ತ್ವವನ್ನು ಅರಿಯಲು ತೆಜುಕಾನ 'ಬುದ್ಧ' ಒಂದನ್ನು ನೋಡಿದರೆ ಸಾಕು. 1972ರಿಂದ 1983ರ ವರೆಗೆ ಕಂತುಗಳಾಗಿ ಬಂದ ಈ ಬೃಹತ್ಕೃತಿಯ ವಸ್ತು ನಮ್ಮದೇ. ಮೊದಲಲ್ಲೇ ಒಂದು ಕಥೆಯುಂಟು: ಹಿಮದಲ್ಲಿ ಹಸಿದು ಬಿದ್ದ ಮುನಿಗೆ ಕರಡಿ ಮೀನನ್ನೂ ನರಿ ಹಣ್ಣನ್ನೂ ತರುವುವು, ಏನೂ ದೊರೆಯದ ಮೊಲ ತಾನೇ ಬೆಂಕಿಗೆ ಹಾರುವುದು. ಜಾತಕಕಥೆಗಳನ್ನು ಬಲ್ಲ ನಮಗೆ ಇದು ಹೊಸದಲ್ಲ. ಹೊಸದೇನೆಂದರೆ ತೆಜುಕಾ ಇದನ್ನು ಮಾತೇ ಇಲ್ಲದೆ ಹೇಳಿರುವುದು. ಚೌಕಟ್ಟಿನಿಂದ ಚೌಕಟ್ಟಿಗೆ ಹಿಮ, ಹೆಜ್ಜೆಗುರುತು, ಬೆಂಕಿ, ಮೊಲದ ನೋಟ, ಇಷ್ಟರಿಂದಲೇ ಓದುಗನ ಎದೆ ತುಂಬಿಬರುವುದು. ಮುಂದೆ ರಾಜಕುಮಾರನ ಕಥೆಗಿಂತ ಮೊದಲು ಛಪ್ರನೆಂಬ ದಾಸಬಾಲಕ, ತತ್ತನೆಂಬ ಬಹಿಷ್ಕೃತ ಹುಡುಗ, ಛಪ್ರನ ತಾಯಿ, ಇವರ ಬವಣೆಯೇ ಗ್ರಂಥವನ್ನು ತುಂಬಿಕೊಂಡಿದೆ. ಇವರು ಕವಿಯ ಸೃಷ್ಟಿ. ಯಾವ ಬೌದ್ಧಗ್ರಂಥದಲ್ಲಿಯೂ ಇಲ್ಲ. ಆದರೆ ಸಿದ್ಧಾರ್ಥನು ಯಾವ ದುಃಖಕ್ಕೆ ಮದ್ದು ಹುಡುಕಿ ಮನೆ ಬಿಟ್ಟನೋ ಆ ದುಃಖವು ಇವರ ಮೂಲಕ ಓದುಗನಿಗೆ ಮೊದಲೇ ಪರಿಚಯವಾಗುವುದು. ಗಂಭೀರ ಪ್ರಸಂಗದ ನಡುವೆ ಆಧುನಿಕ ಹಾಸ್ಯವನ್ನು ನುಸುಳಿಸುವ ಚಪಲವು ತೆಜುಕಾನಿಗುಂಟು. ಅದು ನಮ್ಮ ರುಚಿಗೆ ಅಲ್ಲಲ್ಲಿ ಒಗ್ಗದು. ಹಾಗಿದ್ದರೂ ಇದು ದೊಡ್ಡ ಕೃತಿಯೆಂಬುದರಲ್ಲಿ ಸಂಶಯವಿಲ್ಲ. ಮಾಸ್ತಿಯವರ 'ಯಶೋಧರಾ', ಮಂಜೇಶ್ವರದ ಗೋವಿಂದ ಪೈಗಳ 'ವೈಶಾಖಿ', ಜಿ. ಪಿ. ರಾಜರತ್ನಂ ಅವರ ಬೌದ್ಧಗ್ರಂಥಗಳು, ಇವನ್ನು ಆದರಿಸಿದ ಕನ್ನಡದ ಓದುಗನು ಈ ಬುದ್ಧನನ್ನು ಮಾತ್ರ ಇಂಗ್ಲಿಷಿನ ಕಿಟಕಿಯಿಂದ ಇಣುಕಿ ನೋಡಬೇಕಾಗಿರುವುದು ಖೇದಕರ.

ಇಂಥ ಕೃತಿಗಳು ಜಪಾನಿನಲ್ಲಿ ಸಾಮಾನ್ಯನ ಕೈಗೆ ಹೇಗೆ ಬಂದುವು? ಯಾರ ದಾನಬುದ್ಧಿಯಿಂದಲೂ ಅಲ್ಲ. ಒಂದು ಜಾಣ ಏರ್ಪಾಡಿನಿಂದ. ಯುದ್ಧದಲ್ಲಿ ಬೆಂದು ಬಡವಾಗಿದ್ದ ಒಸಾಕಾ ನಗರದಲ್ಲಿ ಒರಟು ಕಾಗದದ 'ಕೆಂಪು ಪುಸ್ತಕ'ಗಳು ಆಟಿಕೆಯ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದವು. 1947ರಲ್ಲಿ ತೆಜುಕಾ ಚಿತ್ರಿಸಿದ 'ಹೊಸ ನಿಧಿದ್ವೀಪ'ವು ಹೀಗೆಯೇ ಹೊರಬಂದು ಸುಮಾರು 4 ಲಕ್ಷ ಪ್ರತಿಗಳಷ್ಟು ಖರ್ಚಾಯಿತೆಂದು ಹೇಳುವರು. ಕೊಳ್ಳಲಾರದವರಿಗೆ ಬಾಡಿಗೆ ಪುಸ್ತಕದ ಅಂಗಡಿಗಳಿದ್ದವು. ನಮ್ಮ ಊರುಗಳ ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ಕಾದಂಬರಿಗಳನ್ನು ತಂದೋದಿದ ಹಿರಿಯರಿಗೆ ಆ ಪದ್ಧತಿಯನ್ನು ವಿವರಿಸಬೇಕಾಗಿಲ್ಲ. ಬಳಿಕ ವಾರಪತ್ರಿಕೆಗಳ ಕಾಲ ಬಂದಿತು. 1968ರಲ್ಲಿ ಆರಂಭವಾದ 'ಶೋನೆನ್ ಜಂಪ್' ಎಂಬ ಪತ್ರಿಕೆಯು 1990ರ ದಶಕದ ನಡುವಿನಲ್ಲಿ ವಾರವೊಂದಕ್ಕೆ 65 ಲಕ್ಷ ಪ್ರತಿಗಳನ್ನು ಮುಟ್ಟಿತು. ಅಗ್ಗದ ಕಾಗದ, ಒಂದೇ ಬಣ್ಣದ ಮಸಿ, ಒಂದು ಸಂಚಿಕೆಯಲ್ಲಿ ಹತ್ತಾರು ಕಥೆಗಳ ಕಂತು. ಓದಿ ಎಸೆಯುವಷ್ಟು ಕಡಿಮೆ ಬೆಲೆ. ಓದುಗರು ಮೆಚ್ಚಿದ ಕಥೆ ಮಾತ್ರ ಮುಂದೆ ಉತ್ತಮ ಕಾಗದದಲ್ಲಿ ಸಣ್ಣ ಸಂಪುಟವಾಗುವುದು. ಪತ್ರಿಕೆಯಿಂದ ಪುಟಕ್ಕಿಷ್ಟೆಂದು ಸಂಭಾವನೆ, ಸಂಪುಟದಿಂದ ಪ್ರತಿಗಿಷ್ಟೆಂದು ಗೌರವಧನ, ಹೀಗೆ ಚಿತ್ರಕಾರನಿಗೆ ಎರಡು ಆದಾಯ.

ಈ ಏರ್ಪಾಡಿಗೂ ಕಲೆಯುಂಟೆಂಬುದನ್ನು ಮರೆಯಬಾರದು. ವಾರಕ್ಕೆ 20 ಪುಟಗಳಷ್ಟು ಬರೆಯುವ ಚಿತ್ರಕಾರನಿಗೆ ನಿದ್ರೆಯಿಲ್ಲ; ಸಹಾಯಕರ ಕೂಲಿಯನ್ನು ಬಹುಮಟ್ಟಿಗೆ ಅವನೇ ಕೊಡಬೇಕು. ಕಾಫಿ ಬೆಳೆಯುವ ನಮಗೆ ಇದು ಬೇಗ ಅರ್ಥವಾದೀತು. ಕುಡಿಯುವವನಿಗೆ ಬಟ್ಟಲು ಅಗ್ಗವಾಗಿ ದೊರೆತರೆ ಸಂತೋಷವೇ. ಆದರೆ ಆ ಅಗ್ಗವು ಬೆಳೆದವನ ಬೆನ್ನಿನ ಮೇಲೆ ನಿಂತುದಾದರೆ ತೋಟ ಬಹುಕಾಲ ಬಾಳದು.

ಈಗ ನಮ್ಮ ದೇಶದ ಸ್ಥಿತಿಯನ್ನು ನೋಡೋಣ. ಇಂಗ್ಲಿಷಿನ ಸಂಪುಟಗಳು ನಗರದ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಗೆ ಸಿಗುವುವು. ಒಂದು ಪುಸ್ತಕಕ್ಕೆ ಅದು ದುಬಾರಿಯಲ್ಲವೆನ್ನಬಹುದು. ಆದರೆ ಮಾಂಗಾ ಒಂದು ಪುಸ್ತಕಕ್ಕೆ ಮುಗಿಯುವುದಿಲ್ಲ. 'ಒನ್ ಪೀಸ್' ಎಂಬ ಕಥೆಯ ನೂರನೆಯ ಸಂಪುಟ 2021ರಲ್ಲಿ ಹೊರಬಂದಿತು, ಕಥೆ ಅಲ್ಲಿಗೂ ಮುಗಿಯಲಿಲ್ಲ. ಕಳ್ಳದಾರಿಯಲ್ಲಿ ಬಿಟ್ಟಿ ಓದುವವರು ಅಸಂಖ್ಯರು. ಅಭಿಮಾನಿಗಳೇ ಪುಟಗಳನ್ನು ನಕಲೆತ್ತಿ, ಅನುವಾದಿಸಿ ಹರಡುವ ಆ ಪದ್ಧತಿಯಲ್ಲಿ ಪ್ರೀತಿಯುಂಟು, ಆದರೆ ಬರೆದವನಿಗೆ ಕಾಸಿಲ್ಲ. ಇದನ್ನರಿತು ಜಪಾನಿನ ಷೂಯೇಷಾ ಪ್ರಕಾಶನವು 2019ರ ಜನವರಿಯಲ್ಲಿ 'ಮಾಂಗಾ ಪ್ಲಸ್' ಎಂಬ ವ್ಯವಸ್ಥೆಯನ್ನು ಆರಂಭಿಸಿ, ಕಥೆಗಳ ಮೊದಲ ಹಾಗೂ ಹೊಸ ಅಧ್ಯಾಯಗಳನ್ನು ಜಗತ್ತಿನ ಹಲವು ದೇಶಗಳವರು ಮೊಬೈಲಿನಲ್ಲಿ ಉಚಿತವಾಗಿ ಓದುವಂತೆ ಮಾಡಿತು. ಇಂಗ್ಲಿಷು ಸ್ಪ್ಯಾನಿಷುಗಳಲ್ಲಿ ತೊಡಗಿದ ಈ ಕಾರ್ಯಕ್ಕೆ ಬಳಿಕ ಇಂಡೊನೇಷ್ಯಾ, ಥಾಯ್ಲೆಂಡ್, ವಿಯೆಟ್ನಾಂಗಳ ಭಾಷೆಗಳೂ ಸೇರಿದವು. 2011ರ ಜನಗಣತಿಯಲ್ಲಿ 4 ಕೋಟಿ 37 ಲಕ್ಷ ಜನರು ತಾಯ್ನುಡಿಯೆಂದು ಬರೆಯಿಸಿದ ಕನ್ನಡಕ್ಕೆ ಅಲ್ಲಿ ಸ್ಥಾನ ಬಂದಿಲ್ಲ. ಅಲ್ಲದೆ, ಆಷಾಢದ ಮಳೆಗೆ ಮರ ಬಿದ್ದು ವಿದ್ಯುತ್ತು ಹೋಗಿ, ಮೊಬೈಲಿನ ಸಂಪರ್ಕವೂ ಕಡಿದುಹೋಗುವ ಹೇಮಾವತಿಯ ಉಗಮದ ಈ ಸೀಮೆಯಲ್ಲಿ ಓದುವ ಬಿಡುವಿರುವುದು ಆ ಮಳೆಗಾಲದಲ್ಲಿಯೇ. ನಮಗೆ ಕಾಗದದ ಪುಸ್ತಕವೇ ನಿಜವಾದ ಸೌಲಭ್ಯ.

ಕನ್ನಡಕ್ಕೆ ಇದು ಹೊಸ ಉದ್ಯಮವೇನೂ ಅಲ್ಲ. 1949ರಲ್ಲಿ ಕನ್ನಡ 'ಚಂದಮಾಮ' ಬಂದಾಗಿನಿಂದ ಚಿತ್ರದೊಡನೆ ಕಥೆಯನ್ನು ಸವಿಯುವ ಅಭ್ಯಾಸ ನಮ್ಮ ಮನೆಗಳಲ್ಲಿ ಬೆಳೆಯಿತು. 1965ರಲ್ಲಿ ಬೆಂಗಳೂರಿನ ಪುಸ್ತಕವ್ಯಾಪಾರಿ ಜಿ. ಕೆ. ಅನಂತರಾಮ್ ಅವರ ಯೋಚನೆಯಂತೆ 'ಅಮರ ಚಿತ್ರಕಥೆ'ಯ ಮೊದಲ ಹತ್ತು ಪುಸ್ತಕಗಳು ಹೊರಬಂದುದು ಕನ್ನಡದಲ್ಲಿ. ಇಂಗ್ಲಿಷಿನ ಮಾಲೆ 11ನೆಯ ಸಂಖ್ಯೆಯಿಂದ, 'ಕೃಷ್ಣ'ನಿಂದ, ತೊಡಗುವುದಕ್ಕೆ ಇದೇ ಕಾರಣವೆಂದು ಅವರು ಹೇಳಿರುವರು. ಆ ಮಾಲೆಯನ್ನು ದೇಶವೆಲ್ಲ ಹರಡಿದ ಅನಂತ ಪೈಗಳು (1929–2011) ಹುಟ್ಟಿದ್ದು ನಮ್ಮ ಘಟ್ಟದ ಕೆಳಗಿನ ಕಾರ್ಕಳದಲ್ಲಿ. ಬೀಜ ಬಿದ್ದುದು ಕನ್ನಡದ ನೆಲದಲ್ಲಿ. ಮರ ನೆರಳು ಕೊಟ್ಟುದು ಹೆಚ್ಚಾಗಿ ಇಂಗ್ಲಿಷಿಗೆ. ಆ ಮಾಲೆಯ ಉಪಕಾರವನ್ನು ನೆನೆಯುತ್ತಲೇ ಅದರ ಒಂದು ಮಿತಿಯನ್ನೂ ಹೇಳಬೇಕು. ಅಲ್ಲಿ ಕಥೆಯನ್ನು ಹೇಳುವುದು ಹೆಚ್ಚಾಗಿ ಮಾತು. ಚಿತ್ರವು ಅದನ್ನು ಅಲಂಕರಿಸುವುದು. ಮೂವತ್ತು ಚಿಲ್ಲರೆ ಪುಟಗಳಲ್ಲಿ ಒಂದು ಮಹಾಜೀವನವನ್ನು ಮುಗಿಸಬೇಕಾದಾಗ ಮೌನಕ್ಕೆ ಎಡೆಯೆಲ್ಲಿ? ತೆಜುಕಾನ ಮೊಲಕ್ಕೆ ಹಲವು ಪುಟಗಳ ಮೌನ ದೊರೆತುದು ಕಾಗದ ಅಗ್ಗವಾಗಿದ್ದುದರಿಂದ. ಹೀಗೆ ಬೆಲೆಯ ಪ್ರಶ್ನೆಯು ಕಲೆಯ ಪ್ರಶ್ನೆಯೂ ಹೌದು.

ಕನ್ನಡಕ್ಕೆ ತರುವವರು ಕೆಲವು ತೊಡಕುಗಳನ್ನು ಬಿಡಿಸಬೇಕು. ಜಪಾನೀ ಬರಹವು ಮೇಲಿನಿಂದ ಕೆಳಕ್ಕೆ ಸಾಗುವುದರಿಂದ ಮಾತನ್ನು ತುಂಬುವ ಗುಳ್ಳೆಗಳು ನೀಳವಾಗಿ ಇಕ್ಕಟ್ಟಾಗಿರುವುವು. ನಮ್ಮಲ್ಲಿಯೋ 'ಹೋಗಬೇಕಾಗಿತ್ತಲ್ಲವೆ' ಎಂಬುದು ಒಂದೇ ಶಬ್ದ. 'ರಾಷ್ಟ್ರ' ಎಂದು ಬರೆದರೆ ಒತ್ತಕ್ಷರವು ಕೆಳಗಿನ ಸಾಲಿನ ಜಾಗವನ್ನೂ ಕೇಳುವುದು. ಆದುದರಿಂದ ಗ್ರಾಂಥಿಕ ವಾಕ್ಯಗಳನ್ನು ಬಿಟ್ಟು ಆಡುಮಾತಿನ ಕಿರಿದಾದ ರೂಪಗಳನ್ನು ಆರಿಸಬೇಕು. ನಮ್ಮ ಮಲೆನಾಡಿನ ಮಾತು ಇಲ್ಲಿ ಉಪಕಾರಕ್ಕೆ ಬಂದೀತು. ಇನ್ನೊಂದು, ಜಪಾನೀ ಪುಸ್ತಕವನ್ನು ಬಲದಿಂದ ಎಡಕ್ಕೆ ಓದುವರು. 'ಬುದ್ಧ'ದ ಇಂಗ್ಲಿಷ್ ಆವೃತ್ತಿಯಲ್ಲಿ ಮಾಡಿದಂತೆ ಪುಟಗಳನ್ನು ಕನ್ನಡಿಯ ಬಿಂಬದಂತೆ ತಿರುಗಿಸಿದರೆ ಬಲಗೈ ಎಡಗೈಯಾಗುವುದು. ಎಡಗೈಯಲ್ಲಿ ಭಿಕ್ಷೆ ನೀಡುವುದನ್ನು ಪಶ್ಚಿಮದ ಓದುಗನು ಗಮನಿಸಲಾರನು. ನಮ್ಮ ಅಜ್ಜಿಯರು ಗಮನಿಸದೆ ಬಿಡರು. ಪುಟವನ್ನು ಇದ್ದಂತೆಯೇ ಇಟ್ಟು ಓದುವ ಕ್ರಮವನ್ನು ಮೊದಲ ಪುಟದಲ್ಲಿ ತಿಳಿಸುವುದೇ ಲೇಸು. ಮಕ್ಕಳು ಅದನ್ನು ಒಂದು ಗಳಿಗೆಯಲ್ಲಿ ಕಲಿಯುವರು.

ಹಕ್ಕಿನ ವಿಷಯದಲ್ಲಿ ಅನುಸರಿಸತಕ್ಕ ಮೇಲ್ಪಂಕ್ತಿಯೊಂದುಂಟು. ಹಿರೊಷಿಮಾದ ಅಣುಬಾಂಬಿಗೆ ಸಿಕ್ಕು ಬದುಕಿ ಉಳಿದ ಕೆಯಿಜಿ ನಕಜಾವಾ (1939–2012) 1973ರಿಂದ ಬರೆದ 'ಬರಿಗಾಲಿನ ಗೆನ್' ಎಂಬ ಕಥೆಯನ್ನು 1976ರಲ್ಲಿ ಕೆಲವು ಸ್ವಯಂಸೇವಕರು ಕೂಡಿ, ಕೃತಿಕಾರನ ಸಮ್ಮತಿಯಿಂದ, ಇಂಗ್ಲಿಷಿಗೆ ತರಲು ತೊಡಗಿದರು. ತೊಮೊಕೊ ಕಿಕುಚಿ ಎಂಬ ಜಪಾನೀ ವಿದುಷಿಯು ಇದನ್ನು ಹಿಂದಿಗೆ ತಂದಿರುವರು. ದೊಡ್ಡ ಬಂಡವಾಳವಿಲ್ಲದೆ, ಕದಿಯದೆ, ಕೇಳಿ ಪಡೆದು ಮಾಡಿದ ಕೆಲಸವಿದು. ಹಿಂದಿಗೆ ಸಾಧ್ಯವಾದುದು ಕನ್ನಡಕ್ಕೆ ಅಸಾಧ್ಯವಾಗಲು ಕಾರಣವಿಲ್ಲ.

ಅನುವಾದದಷ್ಟೇ ಮುಖ್ಯವಾದುದು ನಮ್ಮ ಚಿತ್ರಕಾರರ ಏಳಿಗೆ. ಕಪ್ಪು ಮಸಿ, ಬಿಳಿಯ ಕಾಗದ, ಇವಿಷ್ಟೇ ಮಾಂಗಾದ ಮೂಲಸಾಮಗ್ರಿ. ಗಣಕಯಂತ್ರವಿದ್ದವರಿಗೆ 'ಕ್ರಿತಾ' ಎಂಬ ಚಿತ್ರರಚನೆಯ ತಂತ್ರಾಂಶವೂ 'ನವಿಲು', 'ಗುಬ್ಬಿ', 'ಬಲೂ ತಮ್ಮ' ಎಂಬ ಕನ್ನಡ ಅಕ್ಷರವಿನ್ಯಾಸಗಳೂ ಬೆಲೆಯಿಲ್ಲದೆ ಸಿಗುವುವು. ಕೊರತೆಯಿರುವುದು ಪ್ರಕಟಣೆಯ ಸ್ಥಳಕ್ಕೆ, ಸಣ್ಣದಾದರೂ ತಪ್ಪದೆ ಬರುವ ಸಂಭಾವನೆಗೆ. ನಮ್ಮ ತಾಲೂಕಿನಲ್ಲಿಯೇ ನೆಲೆಸಿ ಬರೆದ ಪೂರ್ಣಚಂದ್ರ ತೇಜಸ್ವಿಯವರು (1938–2007) ತಮ್ಮ 'ಪುಸ್ತಕ ಪ್ರಕಾಶನ'ದ ಮೂಲಕ 16 ಪುಸ್ತಕಗಳ ಮಿಲೆನಿಯಂ ಮಾಲೆಯನ್ನು ಹೊರತಂದು, ಜಗತ್ತಿನ ವಿಷಯಗಳನ್ನು ಸಣ್ಣ ಪುಸ್ತಕಗಳಲ್ಲಿ ಕನ್ನಡದ ಮನೆಮನೆಗೆ ಮುಟ್ಟಿಸಿದರು. ಮಲೆಯ ಮೂಲೆಯಲ್ಲಿದ್ದವರಿಗೆ ಇದು ಆಗದ ಕೆಲಸವೆನ್ನಲು ಅವರು ನಮಗೆ ಅವಕಾಶವನ್ನುಳಿಸಿಲ್ಲ.

ಜಿಲ್ಲೆಯ ಸಾಹಿತ್ಯಸಂಘಗಳು ವರ್ಷಕ್ಕೆ ನಾಲ್ಕು ಬಾರಿಯಾದರೂ 16 ಪುಟಗಳ ಒಂದು ಫಾರಂ ಚಿತ್ರಕಥೆಯನ್ನು ಕಪ್ಪು ಮಸಿಯಲ್ಲಿ ಅಚ್ಚುಹಾಕಿಸಿ ಪತ್ರಿಕೆಯೊಡನೆ ಹಂಚಬಹುದು. ಅರ್ಧ ಅನುಮತಿ ಪಡೆದ ಅನುವಾದವಿರಲಿ, ಅರ್ಧ ನಮ್ಮ ತರುಣರ ಸ್ವಂತ ರಚನೆಯಿರಲಿ. ಪುಟಕ್ಕಿಷ್ಟೆಂದು ಸಂಭಾವನೆ ಮೊದಲೇ ಗೊತ್ತಾಗಿರಲಿ. ಓದುಗರು ಮೆಚ್ಚಿ ಕೇಳಿದ ಕಥೆಯನ್ನು ಪುಸ್ತಕ ಮಾಡಿ ಶಾಲೆಗಳಿಗೂ ಗ್ರಾಮದ ಗ್ರಂಥಾಲಯಗಳಿಗೂ ಕೊಡೋಣ. ವಿದ್ಯಾವಂತರ ಮನೆಗಳು ಮಾಡಬೇಕಾದ ಸಹಾಯವು ಇದರಲ್ಲಿ ಅಲ್ಪವೇ: ಚಿತ್ರಕಥೆಯನ್ನು ಮಕ್ಕಳ ಕೈಯಿಂದ ಕಸಿದುಕೊಳ್ಳದೆ, ಒಂದನ್ನು ತಾವೂ ಓದಿ, ಇನ್ನೊಂದನ್ನು ಬೆಲೆ ಕೊಟ್ಟು ಕೊಳ್ಳುವುದು.