ಕೋಡಿಗೇ ಸಿಕ್ಕಿಬಿದ್ದ ಕಣ್ಣು

1824ರ ಕಿತ್ತೂರು ಕಾಳಗದಲ್ಲಿ ಕಲೆಕ್ಟರ್ ಥ್ಯಾಕರೆ ಸತ್ತ. ಚೆನ್ನಮ್ಮನ ಸೈನ್ಯದ ಕೈಗೆ ಸೆರೆಸಿಕ್ಕ ಕಂಪನಿ ಅಧಿಕಾರಿಗಳಲ್ಲಿ ವಾಲ್ಟರ್ ಎಲಿಯಟ್ ಒಬ್ಬ. ಶಾಸನಗಳ ಹುಚ್ಚಿನಷ್ಟೇ ಪ್ರಾಣಿಗಳ ಹುಚ್ಚೂ ಇದ್ದ ಈತ 1839ರಲ್ಲಿ ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿಯೊಂದನ್ನು ಮದ್ರಾಸಿನಲ್ಲಿ ಅಚ್ಚು ಹಾಕಿಸಿದ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲು ಆ ಸೀಮೆಯೊಳಗಿನ ಊರುಗಳೇ. ನಮ್ಮ ಕಡೆಯ ನಾಲ್ಕು ಕೋಡಿನ ಕೊಂಡುಕುರಿಯ ಮುಂದಿನ ಜೋಡಿ ಕೋಡು ಬರೀ ಗುಬುಟು ಎಂಬುದನ್ನು ಗಮನಿಸಿ, ಅದನ್ನು ಬೇರೆ ಬಗೆಯೆಂದು ಎಲಿಯಟ್ ಗುರುತಿಸಿದ.

ಹಳೆಯ ಪ್ರಾಣಿಚಿತ್ರಗಳ ಪರಂಪರೆ ಎಡವುವುದು ಇಂಥ ಗುಬುಟಿನ ಮೇಲೆಯೇ. ಕೊಂಡುಕುರಿಯ ಹಿಂದಿನ ಕೋಡು ಎಂಟು-ಹತ್ತು ಸೆಂಟಿಮೀಟರು, ಮುಂದಿನದು ಎರಡರಿಂದ ಐದು. ಎಷ್ಟೋ ಗಂಡುಗಳಲ್ಲಿ ಅದೂ ಇಲ್ಲ, ಹೆಣ್ಣಿಗಂತೂ ಕೋಡೇ ಇಲ್ಲ. ಆದರೆ ಚಿತ್ರಗಾರನಿಗೆ ಬೇಕಿದ್ದದ್ದು ಸೋಜಿಗ. ಹಾಗಾಗಿ ಪುಸ್ತಕಗಳಲ್ಲಿ ನಾಲ್ಕು ಕೋಡೂ ನೆಟ್ಟಗೆ ನಿಂತವು. ಮುಂಗಾಲಿನ ಕಪ್ಪು ಗೆರೆ, ಕುರುಚಲಿನಲ್ಲಿ ಕರಗಿಹೋಗುವ ಮೈಬಣ್ಣ ಎರಡನೆಯ ಮಾತಾದವು.

ಆ ಚಿತ್ರಗಾರರ ಕಸುಬು ಸಣ್ಣದೆಂದು ಹೇಳುತ್ತಿಲ್ಲ. ಸ್ಕ್ಲೇಟರ್ ಮತ್ತು ಥಾಮಸ್ 1894ರಿಂದ 1900ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದ ಜಿಂಕೆಜಾತಿಯ ಗ್ರಂಥದಲ್ಲಿ ಜೋಸೆಫ್ ವೂಲ್ಫ್‌ನ ರೇಖೆ, ಸ್ಮಿಟ್‌ನ ಕಲ್ಲಚ್ಚು ಎರಡೂ ಅಪ್ಪಟ. ಕಂಪನಿಯ ಸೇನಾಧಿಕಾರಿ ಹಾರ್ಡ್ವಿಕ್‌ನ ಸಂಗ್ರಹದ ಎಷ್ಟೋ ಚಿತ್ರಗಳನ್ನು ಬರೆದವರು ಇಲ್ಲಿಯ ಕಲಾವಿದರು. ಪುಸ್ತಕವಾಗಿ ಹೊರಬಂದಾಗ ಹಾರ್ಡ್ವಿಕ್, ಪ್ರಾಣಿಶಾಸ್ತ್ರಜ್ಞ ಗ್ರೇ ಇವರ ಹೆಸರು ಮುಂದೆ ಬಂತು, ಬರೆದ ಕೈಗಳ ಹೆಸರು ಬಹುಪಾಲು ಅಳಿಸಿಹೋಯಿತು. ಇದು ಬರೀ ಮರೆವಲ್ಲ, ಅನ್ಯಾಯ.

ನನ್ನ ತಕರಾರು ನಿಲುವಿನ ಬಗ್ಗೆ. ಪ್ರಾಣಿ ಪಕ್ಕಕ್ಕೆ ತಿರುಗಿ ನಿಂತಿರಬೇಕು, ಕಾಲಡಿ ನಾಲ್ಕು ಎಸಳು ಹುಲ್ಲು, ತಲೆಯ ಮೇಲೆ ಗಂಡುಕೋಡು. ಒಣಗಿದ ಚರ್ಮ, ತಲೆಬುರುಡೆ ನೋಡಿ ಬರೆದವನಿಗೆ ಬಾದಾಮಿಯ ಕೆಂಗಲ್ಲಿನ ಬಿಸಿಲು ಎಲ್ಲಿಂದ ಸಿಗಬೇಕು? ಕೊನೆಗೆ 1892ರಲ್ಲಿ ರೋಲೆಂಡ್ ವಾರ್ಡ್ ಬೇಟೆಗಾರರಿಗಾಗಿ ಕೋಡಿನ ಅಳತೆಯ ಪುಸ್ತಕವನ್ನೇ ತಂದ. ಚಿಗರಿಯ ಸುರುಳಿ ಎಷ್ಟು ಇಂಚು ಎಂಬುದಷ್ಟೇ ಉಳಿಯಿತು. ಸಾಕುದನಗಳ ಗತಿ ಇನ್ನೂ ಕಷ್ಟ. ಫ್ರೆಂಚ್ ಪ್ರಕೃತಿಶಾಸ್ತ್ರಜ್ಞ ಬ್ಯುಫೋನನ ಗ್ರಂಥದಲ್ಲಿ ಹಿಣಿಲಿದ್ದ ದನವೆಲ್ಲ ಒಂದೇ ‘ಝೆಬು’. ಖಿಲಾರಿಗೂ ಕೃಷ್ಣಾ ತೀರದ ಎತ್ತಿಗೂ ಇರುವ ವ್ಯತ್ಯಾಸವನ್ನು ಅಮೀನಗಡದ ಸಂತೆಗೆ ಬಂದ ರೈತ ದೂರದಿಂದಲೇ ಹೇಳಿಬಿಡುತ್ತಾನೆ.

ಇದೇ ನೆಲದಲ್ಲಿ ಬೇರೊಂದು ನೋಟವೂ ಇತ್ತು. ಬಾದಾಮಿಯ ಮೊದಲನೆಯ ಗುಹೆಯ ಬಾಗಿಲಲ್ಲಿ, ತ್ರಿಶೂಲ ಹಿಡಿದ ದ್ವಾರಪಾಲಕನ ಕೆಳಗೆ, ಆರನೆಯ ಶತಮಾನದ ಶಿಲ್ಪಿ ಎತ್ತನ್ನೂ ಆನೆಯನ್ನೂ ಒಂದೇ ತಲೆಯಲ್ಲಿ ಕೂಡಿಸಿದ್ದಾನೆ. ಒಂದು ಕಡೆಯಿಂದ ನೋಡಿ, ಆನೆ. ಇನ್ನೊಂದು ಕಡೆ ಸರಿದರೆ ಎತ್ತು. ನೋಡುವವನು ಕಾಲು ಎತ್ತಿಡಲೇಬೇಕು. ಇದು ಪ್ರಾಣಿಶಾಸ್ತ್ರವಲ್ಲ, ಒಪ್ಪುತ್ತೇನೆ. ಆದರೂ ಎತ್ತಿನ ಕತ್ತಿನ ಭಾರ ತಿಳಿಯದವನಿಗೆ ಈ ಆಟ ಸಾಧ್ಯವಿರಲಿಲ್ಲ. ಊರಾಚೆಯ ಸಿಡ್ಲಫಡಿಯ ಬಂಡೆಗಳ ಮೇಲಂತೂ ಕೆಮ್ಮಣ್ಣಿನ ಬಣ್ಣದ ಪ್ರಾಣಿಗಳು ಚಾಲುಕ್ಯರಿಗಿಂತ ಎಷ್ಟೋ ಹಳೆಯವು.

ಹಾಗೆಂದು ಎಲಿಯಟ್‌ನ ಪಟ್ಟಿಯನ್ನು ಬಿಸಾಡುವಂತಿಲ್ಲ. ಸ್ಥಳೀಯರು ಕರೆಯುವ ಹೆಸರುಗಳನ್ನು ಕೇಳಿ ಬರೆದುಕೊಂಡ ಆ ಶ್ರದ್ಧೆ ಎಷ್ಟೋ ಬಣ್ಣದ ಪುಟಗಳಲ್ಲಿ ಕಾಣದು. ಬೀಳಗಿ-ಮುಧೋಳ ತಾಲ್ಲೂಕುಗಳ ಯಡಹಳ್ಳಿ ಈಗ ಚಿಂಕಾರ ವನ್ಯಜೀವಿಧಾಮ. ಅಲ್ಲಿ ಚಿತ್ರಫಲಕ ಹಾಕುವವರಿಗೆ ನನ್ನದೊಂದು ಕೋರಿಕೆ: ಬಾಗಲಕೋಟೆ ಜಿಲ್ಲೆಯ ಕಲಾವಿದರಿಂದಲೇ ಬರೆಸಿ, ಅವರ ಹೆಸರು ಹಾಕಿ, ಮೊದಲು ಹೆಣ್ಣನ್ನು ಬರೆಸಿ. ಹೆಣ್ಣು ಚಿಂಕಾರಕ್ಕೂ ಕೋಡುಂಟು; ತೆಳುವಾಗಿ, ಹೆಚ್ಚುಕಡಿಮೆ ನೆಟ್ಟಗೆ ಇರುತ್ತದೆ.