ಕಾದ ನಳಿಗೆಯ ಉಪಚಾರ

ಹಳೆಯ ಮೆಷಿನ್ ಗನ್ನುಗಳ ಗುಣದೋಷಗಳನ್ನು ವಿವೇಚಿಸುವ ರಸಿಕರು ಬಹುಮಟ್ಟಿಗೆ ಅವುಗಳ ವೇಗವನ್ನೋ ಗುರಿಯನ್ನೋ ಕುರಿತು ವಾದಿಸುವರು; ಆದರೆ ತನ್ನೊಳಗೇ ಹುಟ್ಟಿದ ಉಷ್ಣವನ್ನು ಅದು ಎಲ್ಲಿಗೆ ಸಾಗಹಾಕುವುದೆಂಬುದರಿಂದಲೇ ಅಂತಹ ಯಂತ್ರದ ಯೋಗ್ಯತೆಯನ್ನು ಅಳೆಯತಕ್ಕದ್ದೆಂದು ನನ್ನ ಮತ. ಮದ್ದು ಉರಿದಾಗ ಹೊಮ್ಮುವ ಶಕ್ತಿಯಲ್ಲಿ ಸುಮಾರು ಮೂರರಲ್ಲೊಂದು ಪಾಲು ಮಾತ್ರ ಗುಂಡಿಗೆ ದಕ್ಕುತ್ತದೆ. ಮಿಕ್ಕುದರಲ್ಲಿ ಬಹುಭಾಗವು ಅನಿಲದೊಡನೆ ಹೊರಬೀಳುವುದಾದರೂ ಉಳಿದುದನ್ನು ನಳಿಗೆಯ ಉಕ್ಕೇ ಹೀರಬೇಕು. ಹಾಗೆ ಕಾದ ಉಕ್ಕು ಮೆತ್ತಗಾಗಿ, ಒಳಗಣ ಸುರುಳಿಗೀರುಗಳು ಸವೆದು ಗುಂಡು ಗುರಿ ತಪ್ಪುವುದು. ಮಿತಿಮೀರಿದರೆ ಕುದುರೆಯನ್ನೆಳೆಯುವ ಮುನ್ನವೇ ತೋಟಾ ತಾನಾಗಿ ಸಿಡಿಯುವುದೂ ಉಂಟು.

ಹೈರಮ್ ಮ್ಯಾಕ್ಸಿಮನು 1884ರ ಸುಮಾರಿಗೆ ಲಂಡನ್ನಿನಲ್ಲಿ ರೂಪಿಸಿದ ಯಂತ್ರದ ಸಂತತಿಯಾಗಿ, 1912ರಲ್ಲಿ ಬ್ರಿಟಿಷ್ ಸೈನ್ಯವನ್ನು ಸೇರಿದ ವಿಕರ್ಸ್ ಗನ್ನಿಗೆ ಸುಮಾರು ನಾಲ್ಕು ಲೀಟರು ನೀರು ಹಿಡಿಯುವ ಕವಚವಿತ್ತು. ನೀರಿನ ನಿಜವಾದ ಮಹಿಮೆ ಕಾಣುವುದು ಅದು ಕುದಿಯತೊಡಗಿದ ಮೇಲೆ: ಒಂದು ಗ್ರಾಂ ನೀರನ್ನು ಸೊನ್ನೆಯಿಂದ ನೂರು ಡಿಗ್ರಿಗೇರಿಸಲು 100 ಕ್ಯಾಲೊರಿ ಸಾಕು, ಅದನ್ನೇ ಆವಿಯಾಗಿಸಲು ಸುಮಾರು 540 ಬೇಕು. ಪಾತ್ರೆಯಲ್ಲಿ ನೀರಿರುವವರೆಗೆ ತಳ ಸೀಯುವುದಿಲ್ಲವಷ್ಟೆ. ಆವಿಯನ್ನು ರಬ್ಬರು ಕೊಳವೆಯ ಮೂಲಕ ಡಬ್ಬಿಯೊಂದಕ್ಕೆ ಒಯ್ದು ಮತ್ತೆ ನೀರಾಗಿಸುತ್ತಿದ್ದರು. ಇದರಿಂದ ನೀರೂ ಉಳಿಯುತ್ತಿತ್ತು, ಬಿಳಿಯ ಹಬೆ ಶತ್ರುವಿನ ಕಣ್ಣಿಗೂ ಬೀಳುತ್ತಿರಲಿಲ್ಲ. 1916ರ ಆಗಸ್ಟಿನಲ್ಲಿ, ಫ್ರಾನ್ಸಿನ ಹೈ ವುಡ್ ಎಂಬಲ್ಲಿ, ಹತ್ತು ವಿಕರ್ಸ್‌ಗಳು ಹನ್ನೆರಡು ಗಂಟೆಗಳಲ್ಲಿ ಹತ್ತು ಲಕ್ಷದಷ್ಟು ಗುಂಡು ಹಾರಿಸಿದುವೆಂದೂ, ನೀರು ಮುಗಿದಾಗ ಸೈನಿಕರ ಮೂತ್ರವನ್ನೇ ಕವಚಕ್ಕೆ ಸುರಿದರೆಂದೂ ಆ ಗನ್ನುಗಳ ತುಕಡಿಯ ನಾಯಕನಾಗಿದ್ದ ಹಚಿಸನ್ನನು ಬರೆದಿದ್ದಾನೆ. ಲೆಕ್ಕವನ್ನು ಶಂಕಿಸುವ ಇತಿಹಾಸಕಾರರಿದ್ದಾರೆ. ಮೂತ್ರದ ಮಾತನ್ನು ನಂಬಲು ನನಗೇನೂ ಅಡ್ಡಿಯಿಲ್ಲ.

ನೀರಿನ ಭಾರವನ್ನು ತಪ್ಪಿಸಹೊರಟವನು ಅಮೆರಿಕದ ಸೇನಾಧಿಕಾರಿ ಐಸಾಕ್ ನ್ಯೂಟನ್ ಲೂಯಿಸ್ (ಹೆಸರಿಟ್ಟವರ ಆಶೆ ಪೂರ್ತಿ ವ್ಯರ್ಥವಾಗಲಿಲ್ಲ). ನಳಿಗೆಯ ಉದ್ದಕ್ಕೂ ಅಲ್ಯುಮಿನಿಯಮ್ಮಿನ ರೆಕ್ಕೆಗಳನ್ನು ಜೋಡಿಸಿ, ಅವುಗಳ ಮೇಲೆ ದಪ್ಪನೆಯ ಕೊಳವೆಯನ್ನು ತೊಡಿಸಿ, ಬಾಯಿಂದ ನುಗ್ಗುವ ಅನಿಲವೇ ಹಿಂದಣ ತಂಗಾಳಿಯನ್ನು ಒಳಕ್ಕೆ ಸೆಳೆಯಲೆಂದು ಆತನು ಬಗೆದನು. ಕಲ್ಪನೆ ಮನೋಹರವಾದುದು, ಆದರೆ ವಿಮಾನಗಳಿಗಾಗಿ ಆ ಕೊಳವೆಯನ್ನು ಕಳಚಿದ್ದ ಗನ್ನುಗಳನ್ನು ಎರಡನೆಯ ಮಹಾಯುದ್ಧದಲ್ಲಿ ನೆಲದ ಮೇಲೆಯೂ ಬಳಸಿದಾಗ, ಅವು ಬತ್ತಲೆ ನಳಿಗೆಯಿಂದಲೇ ಕೆಲಸ ಸಾಗಿಸಿದುವು.

ನಮ್ಮ ಸೈನ್ಯದಲ್ಲಿಯೂ ದಶಕಗಟ್ಟಲೆ ಸೇವೆ ಸಲ್ಲಿಸಿದ ಬ್ರೆನ್ ಇಂತಹ ಯಾವ ಆಡಂಬರಕ್ಕೂ ಎಳಸಲಿಲ್ಲ. ಕಾದ ನಳಿಗೆಯನ್ನು ಹಿಡಿಕೆಯಿಂದ ಕಳಚಿ, ಆರಲು ಬಿಟ್ಟು, ಬದಲಿ ನಳಿಗೆಯನ್ನು ಕೆಲವೇ ಕ್ಷಣಗಳಲ್ಲಿ ಕೂಡಿಸುವುದಷ್ಟೇ ಅದರ ಉಪಾಯ. ನಡೆಯುವ ಪಡೆಗೆ ಇದಕ್ಕಿಂತ ಮೇಲಾದುದನ್ನು ನಾನರಿಯೆ. ನಿಂತಲ್ಲಿಯೇ ಗಂಟೆಗಟ್ಟಲೆ ಹಾರಿಸುವುದಾದರೆ ಮಾತ್ರ ನೀರಿಗೆ ಸಾಟಿಯಿಲ್ಲ. ಬ್ರಿಟಿಷ್ ಸೈನ್ಯವು ವಿಕರ್ಸನ್ನು 1968ರವರೆಗೂ ಬಿಟ್ಟುಕೊಡಲಿಲ್ಲ.